ಹಾಲಿನ ಪ್ಯಾಕೆಟ್ಟಿಗಾಗಿ ಬೆಂಕಿಗೆ

ನಾನು ನೋಡುತ್ತಿದ್ದಂತೆಯೇ ಪಕ್ಕದ ಮನೆಯ ಸುಬ್ಬಕ್ಕ ಉರಿಯುವ ರಾಶಿಗೆ ಎರಡೂ ಕೈ ಹಾಕಿದರು. ವರ್ಷಗಟ್ಟಲೆ ತೊಳೆದು, ಒಣಗಿಸಿ, ಅಡುಗೆಮನೆ ತುಂಬ ಅವರು ಒಟ್ಟಿದ್ದ ಹಾಲಿನ ಪ್ಯಾಕೆಟ್ಟುಗಳವು. ದೊಡ್ಡಹಬ್ಬ ದೀಪಾವಳಿಗೆ ಮನೆ ಚೊಕ್ಕ ಮಾಡುವೆನೆಂದು, ಅಕ್ಕ ಸಿರಸಿ ಪೇಟೆಗೆ ಹೋದಾಗ ಅವರ ತಮ್ಮ ಗಣಪತಿ ಅವನ್ನೆಲ್ಲ ಅಂಗಳದಲ್ಲಿ ಸುರಿದು ಬೆಂಕಿ ಹಚ್ಚಿದ್ದ.

"ಅಕ್ಕಾ, ಬಿಡೇ! ಖಾಲಿ ಪ್ಯಾಕೆಟ್ಟು, ಎಂತಾ ಇಲ್ಲೆ ಅದ್ರಲ್ಲಿ!"

"ನಿಂಗೆ ಎಂತಾ ಇಲ್ಲೆ. ಯಂಗೆ ಬೇಕು ತಮಾ!"

ಸೊಂಟ ಹಿಡಿದು ಎಳೆದೆ. ಸೆರಗು ಹೊತ್ತಿಕೊಂಡಿತ್ತು, ಬಡಿದು ಆರಿಸಿದೆ. ಕರಗಿದ ಪ್ಲಾಸ್ಟಿಕ್ಕು ಬೆರಳುಗಳಿಗೆ ಮೆತ್ತಿಕೊಂಡಿದ್ದರೂ ಅವರು ಮತ್ತೆ ಬೆಂಕಿಯತ್ತಲೇ ಜಗ್ಗುತ್ತಿದ್ದರು.

ಇಂದಿಗೂ ಹೊಗೆ ಕಂಡರೆ ನಾನು ಹೊರಗೆ ಓಡುತ್ತೇನೆ. ಸುಬ್ಬಕ್ಕನ ಅಡುಗೆಮನೆಯಲ್ಲಿ ಪ್ಯಾಕೆಟ್ಟುಗಳು ಮತ್ತೆ ತುಂಬಿವೆ. ಗಣಪತಿ ಈಗ ಅವರ ಪಕ್ಕದಲ್ಲಿ ಕೂತು, "ಒಲೆ ಹತ್ರದ್ದೊಂದು ಕಟ್ಟು ತೆಗೆಯನನೇ ಅಕ್ಕಾ?" ಎಂದು ಕೇಳುತ್ತಾನೆ. ಒಮ್ಮೊಮ್ಮೆ ಒಪ್ಪುತ್ತಾರೆ. ಆದರೆ ಅವನೊಬ್ಬನನ್ನೇ ಮನೆಯಲ್ಲಿ ಬಿಟ್ಟು ಸುಬ್ಬಕ್ಕ ಮತ್ತೆಂದೂ ಹೊರಗೆ ಹೋಗಿಲ್ಲ.