ಎಡಕ್ಕೆ ಸುತ್ತಿದ ಅಂಚು

ಸೋದರತ್ತೆಯನ್ನು ಆ ಮ್ಯೂಸಿಯಂಗೆ ಕರೆದುಕೊಂಡು ಹೋದವಳು ನಾನೇ. ಅದಕ್ಕೇ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು. ಜನರಿಗೆ ಬುಟ್ಟಿ ಹೆಣೆಯುವುದನ್ನು ಹೇಳಿಕೊಡಬೇಕು, ಐದೇ ದಿನ ಅಂದರು ಅಲ್ಲಿಯವರು. ಮಲಯಾಳ ಸೀಮೆಯ ನಮ್ಮೂರು ಮುಳ್ಳನ್ಕೊಲ್ಲಿಯ ಕಾಫಿತೋಟದ ಕೂಲಿ ಬಿಡಿಸಿ ಹೊರಡಿಸಿದೆ.

ಅಲ್ಲಿ ಅತ್ತೆಗೊಂದು ಮೇಜು. ಮೇಲೆ ಮಲಯಾಳದಲ್ಲಿ ದಪ್ಪಕ್ಷರದ ಬೋರ್ಡು: 'ಮುಟ್ಟಿ, ಮಾಡಿ, ಕಲಿಯಿರಿ.' ಬಂದವರು ಬಿದಿರಿನ ಸೀಳನ್ನು ಎರಡು ಸಲ ತುರುಕುವುದು, ಅತ್ತೆಯ ಹೆಗಲ ಮೇಲೆ ಕೈ ಹಾಕಿ ಸೆಲ್ಫಿ ತೆಗೆಯುವುದು, ಹೊರಡುವುದು. ಒಬ್ಬಳಂತೂ ಅತ್ತೆಯ ಬೆರಳನ್ನೇ ಹಿಡಿದು ಹೊರಳಿಸಿ, "ಎಷ್ಟು ಒರಟು ನೋಡಿ!" ಎಂದು ಗಂಡನಿಗೆ ತೋರಿಸಿದಳು. ಥೂ! ಕಲಿತವರು ಒಬ್ಬರೂ ಇರಲಿಲ್ಲ.

ಮೂರನೆಯ ದಿನ ಊಟದ ಬಿಡುವಿನಲ್ಲಿ ಅತ್ತೆ ಗಾಜಿನ ಪೆಟ್ಟಿಗೆಗಳನ್ನು ನೋಡಲು ಹೋದವಳು ಓಡಿಬಂದಳು.

"ಮೋಳೇ, ಮಗಳೇ, ಅಲ್ಲಿರೋದು ನಮ್ಮವ್ವನ ಬುಟ್ಟಿ!"

ಹೋಗಿ ನೋಡಿದೆ. ಹೌದು. ಅಜ್ಜಿ ಎಡಗೈಯವಳು. ಉಳಿದವರು ಬುಟ್ಟಿಯ ಅಂಚಿನ ಸೀಳನ್ನು ಬಲಕ್ಕೆ ಸುತ್ತಿದರೆ ಅವಳು ಎಡಕ್ಕೆ ಸುತ್ತುತ್ತಿದ್ದಳು. ಅವಳಿಂದ ಕಲಿತ ಅತ್ತೆಯದೂ ಹಾಗೆಯೇ. ಫೋಟೋ ತೆಗೆದು ವಾಪಸು ಕೊಡುತ್ತೇವೆ ಎಂದು ಯಾರೋ ನಮ್ಮ ಹಾಡಿಯಿಂದ ಒಯ್ದಿದ್ದ ಬಿತ್ತನೆ ಭತ್ತದ ಬುಟ್ಟಿ ಅದು.

"ಚೀಟೀಲಿ ಏನು ಬರ್ದದೆ?" ಅತ್ತೆಗೆ ಓದಲು ಬಾರದು.

"ಹೆಣೆದವರು ಯಾರೋ ತಿಳಿದಿಲ್ಲ ಅಂತ."

"ತಿಳೀದಾ? ಮೂರು ದಿನದಿಂದ ಇಲ್ಲೇ ಕೂತಿದ್ದೀನಲ್ಲ, ಒಂದು ಮಾತು ಕೇಳಕ್ಕೆ ಬಾಯಿರಲಿಲ್ವಾ ಇವ್ರಿಗೆ?"

ನೇರ ಮ್ಯೂಸಿಯಂ ಅಧಿಕಾರಿಯ ಹತ್ತಿರ ನಡೆದಳು. "ಸಾರೇ, ಅದು ನಮ್ಮವ್ವ ಹೆಣೆದದ್ದು. ಅವಳ ಹೆಸರು ಹಾಕಿ."

ಅವನು ನಕ್ಕ. "ಪುರಾವೆ ಬೇಕಲ್ಲಮ್ಮ."

ಅತ್ತೆ ಮೇಜಿಗೆ ಬಂದು, ತಾನು ಬೆಳಗಿನಿಂದ ಹೆಣೆದಿದ್ದ ಬುಟ್ಟಿಯ ಅಂಚು ಕಟ್ಟಿ ಮುಗಿಸಿ, ತೆಗೆದುಕೊಂಡು ಹೋಗಿ ಗಾಜಿಗೆ ಒತ್ತಿ ಹಿಡಿದಳು. ಎರಡರ ಅಂಚೂ ಎಡಕ್ಕೆ. ಸುತ್ತ ನಿಂತವರೆಲ್ಲ ಕಂಡರು. ಅವನೂ ಕಂಡ.

"ಆಮೇಲೆ ನೋಡೋಣ. ಗಾಜು ಮುಟ್ಟಬೇಡಿ," ಅಂದ.

ನನಗೆ ಮೈಯೆಲ್ಲ ಉರಿದುಹೋಯಿತು. ಕಂಡಕಂಡವರೆಲ್ಲ ಇವಳನ್ನು ಮುಟ್ಟಬಹುದು, ಇವಳು ತನ್ನವ್ವನ ಬುಟ್ಟಿಯ ಗಾಜನ್ನೂ ಮುಟ್ಟಬಾರದು! ಬಾಗಿಲ ಬಳಿಯ ಅಭಿಪ್ರಾಯ ಪುಸ್ತಕದ ಪೆನ್ನು ತಂದೆ. ಗಾಜಿನ ಹೊರಗೆ ಅಂಟಿಸಿದ್ದ ಚೀಟಿಯಲ್ಲಿ 'ತಿಳಿದಿಲ್ಲ' ಎಂಬುದನ್ನು ಹೊಡೆದುಹಾಕಿ, ಎಲ್ಲರೂ ಓದಲಿ ಎಂದು ಮಲಯಾಳದಲ್ಲೇ ಅಜ್ಜಿಯ ಹೆಸರು ಬರೆದೆ.

"ಏನು ಮಾಡ್ತಿದ್ದೀಯಾ?" ಅವನು ಕೂಗಿದ.

"ಬೋರ್ಡು ಹಾಕಿದವರು ನೀವೇ ಅಲ್ವಾ ಸಾರ್? ಮುಟ್ಟಿದೆ, ಮಾಡಿದೆ. ಇನ್ನು ನೀವು ಕಲೀರಿ."

ಕಾವಲುಗಾರ ನನ್ನ ತೋಳು ಹಿಡಿದು ಬಾಗಿಲ ಕಡೆ ಎಳೆದ. ಅತ್ತೆ ಮಾತ್ರ ಚೀಟಿಯ ಮುಂದಿನಿಂದ ಕದಲಲಿಲ್ಲ. ಒದ್ದೆ ಶಾಯಿಯ ಕೆಳಗೆ ಬೆರಳಿಟ್ಟಿದ್ದಳು.

"ಇದೇನಾ ಅವ್ವನ ಹೆಸರು? ಜೋರಾಗಿ ಓದು ಮೋಳೇ."

ಬಾಗಿಲಿನಿಂದಲೇ ಓದಿದೆ.