ನಾಲ್ಕನೇ ಪ್ಯಾರಾ

ನನ್ನ ಜೀವನದ ಅತ್ಯಂತ ಚಂದದ ವಾಕ್ಯವನ್ನು ನಾನು ಬರೆದದ್ದು ಐವತ್ತೊಂಬತ್ತನೆಯ ವಯಸ್ಸಿನಲ್ಲಿ, ಮಣಿಪಾಲದ ಒಂದು ಏಸಿ ಕೋಣೆಯಲ್ಲಿ, ಎಲ್ಲಿಯೂ ಇಲ್ಲದ ಒಂದು ದ್ವೀಪದ ಅಂಚೆಯಮ್ಮನ ಹೆಸರಿನಲ್ಲಿ. ಅದನ್ನು ಬರೆಯದೆ ಇದ್ದಿದ್ದರೆ ಒಳ್ಳೆಯದಿತ್ತು ಎಂದು ಈಗಲೂ ಅನಿಸುವುದುಂಟು.

ಮೊಬೈಲಿಗೆ ಇನ್ನೂ ಬಟನ್‌ಗಳಿದ್ದ ಕಾಲ. ಕಾಲೇಜೊಂದರ ಆಫೀಸಿನಲ್ಲಿ ಕರೆಸ್ಪಾಂಡೆನ್ಸ್ ನೋಡಿಕೊಂಡು ಆಗಷ್ಟೇ ರಿಟೈರ್ ಆಗಿದ್ದೆ. ಮಗನಿಗೆ ಸೀಟು ಇಲ್ಲ ಎಂದು ತಂದೆತಾಯಿಗಳಿಗೆ ತಿಳಿಸುವ ಪತ್ರಗಳನ್ನು ವರ್ಷವರ್ಷವೂ ನಾನೇ ಬರೆಯುತ್ತಿದ್ದೆ. ಓದಿದವರು ಬೈಯುತ್ತಿರಲಿಲ್ಲ, ಕೆಲವರು ಥ್ಯಾಂಕ್ಸ್ ಹೇಳಿ ಬರೆದದ್ದೂ ಉಂಟು. ಆ ವಿದ್ಯೆ ಕಾರ್ಕಳದ ಕಾನ್ವೆಂಟಿನದು. ಇಂಗ್ಲಿಷ್ ಕಲಿಸುತ್ತಿದ್ದ ಸಿಸ್ಟರ್, ಕೆಟ್ಟ ಸುದ್ದಿಯನ್ನು ಬಾಗಿಲಲ್ಲೇ ನಿಲ್ಲಿಸಿ ಹೇಳಬಾರದು ಎನ್ನುತ್ತಿದ್ದರು. ಮೊದಲು ಒಳಗೆ ಕರೆಯಬೇಕು, ಕೂರಿಸಬೇಕು, ಆಮೇಲೆ ಮೆಲ್ಲಗೆ ಹೇಳಬೇಕು. ಟ್ಯಾಕ್ಟ್, ಗರ್ಲ್ಸ್, ಟ್ಯಾಕ್ಟ್.

ಹೊಸ ಕೆಲಸ ಸಿಕ್ಕಿದ್ದು ಪೇಪರಿನ ಒಂದು ಸಣ್ಣ ಜಾಹೀರಾತಿನಿಂದ. ಒಳ್ಳೆಯ ಇಂಗ್ಲಿಷಿನಲ್ಲಿ ಪತ್ರ ಬರೆಯುವವರು ಬೇಕು, ವಯಸ್ಸಿನ ಮಿತಿ ಇಲ್ಲ. ನಮ್ಮ ಕಾಪುವಿನಿಂದ ಉಡುಪಿಗೆ ಒಂದು ಬಸ್ಸು, ಅಲ್ಲಿಂದ ಮಣಿಪಾಲದ ಗುಡ್ಡ ಹತ್ತುವ ಇನ್ನೊಂದು. ಸಮುದ್ರದಾಚೆಯ ಒಂದು ಕಂಪನಿ ಇಂಟರ್ನೆಟ್ಟಿನಲ್ಲಿ ಆಡುವ ಆಟ ನಡೆಸುತ್ತಿತ್ತು, ಅದರ ಆಟಗಾರರ ಪತ್ರಗಳಿಗೆ ಉತ್ತರ ಹೋಗುತ್ತಿದ್ದದ್ದು ನಮ್ಮ ಕೋಣೆಯಿಂದ. ಆಟವೆಂದರೆ ಓಟ, ಗುಂಡು ಅಂಥದ್ದಲ್ಲ. ಒಂದು ದ್ವೀಪ. ಅಲ್ಲಿ ನೀವೊಂದು ಮನೆ ಕಟ್ಟಿಕೊಂಡು, ಕಿಟಕಿಗೆ ಪರದೆ ಹಾಕಿ, ಬೇರೆ ಬೇರೆ ದೇಶದ ನೆರೆಯವರೊಂದಿಗೆ ಮಾತಾಡಿಕೊಂಡು ಇರಬಹುದು. ಅಷ್ಟೇ. ನಾವು ಹನ್ನೊಂದು ಮಂದಿ, ಎಲ್ಲರದ್ದೂ ಒಂದೇ ಸಹಿ: ದ್ವೀಪದ ಅಂಚೆಯಮ್ಮ.

ಆ ದಿನಗಳನ್ನು ನೆನೆದರೆ ಎಲ್ಲವೂ ತೆಳು ನೀಲಿಯಾಗಿಯೇ ಕಾಣುತ್ತದೆ. ಕಂಪ್ಯೂಟರಿನೊಳಗೆ ದ್ವೀಪದ ನೀರು. ಕಿಟಕಿಯಾಚೆ, ತೆಂಗಿನ ತಲೆಗಳ ಮೇಲೆ, ಒಂದು ಗೆರೆಯಷ್ಟು ನಮ್ಮ ಸಮುದ್ರ. ಮಧ್ಯಾಹ್ನದ ಹೊತ್ತಿಗೆ ಯಾವುದು ಯಾವುದೆಂದು ಮರೆಯುತ್ತಿತ್ತು. ಬಸ್ಸಿನಲ್ಲಿ ತೂಕಡಿಸುತ್ತ ಮನೆಗೆ ಮರಳುವಾಗ ಉದ್ಯಾವರದ ಹೊಳೆ ದಾಟುವುದೂ ದ್ವೀಪಕ್ಕೆ ಹೋದಂತೆಯೇ ಇರುತ್ತಿತ್ತು.

ದ್ವೀಪದ ಹಣಕ್ಕೆ ಚಿಪ್ಪು ಎಂದು ಹೆಸರು. ಹತ್ತು ಡಾಲರು ಕೊಟ್ಟರೆ ಐನೂರು ಚಿಪ್ಪಿನ ಒಂದು ಚೀಲ. ಆದರೆ ಐನೂರಕ್ಕೆ ಸರಿಯಾಗಿ ಸಿಗುವ ಸಾಮಾನು ಒಂದೂ ಇರಲಿಲ್ಲ. ಪರದೆಗೆ ನಾನೂರ ಅರವತ್ತು, ಹುಲ್ಲಿನ ಟೋಪಿಗೆ ನಾನೂರ ಇಪ್ಪತ್ತು. ಯಾಕೆ ಹೀಗೆ ಎಂದು ನಮ್ಮ ಟೀಮ್ ಲೀಡನ್ನು ಕೇಳಿದೆ. ಇಪ್ಪತ್ತೈದರ ಹುಡುಗಿ, ಗದಗದ ಕಡೆಯವಳು. ಅಪ್ಪ ಮಣಿಪಾಲದ ಕಟ್ಟಡಗಳಿಗೆ ಗಾರೆ ಕೆಲಸಕ್ಕೆ ಬಂದವರು. ಅವಳು ಇಲ್ಲಿಯೇ ಓದಿ, ಮನೆಯವರು ಊರಿಗೆ ಮರಳಿದ ಮೇಲೆ ಪರ್ಕಳದಲ್ಲಿ ರೂಮು ಮಾಡಿಕೊಂಡಿದ್ದಳು.

“ಆಂಟಿ, ನಲವತ್ತು ಉಳಿತಾವಲ್ರೀ, ಅವು ಸುಮ್ಮನ ಕುಂದ್ರಂಗಿಲ್ಲ. ಕರೀತಾವು.”

“ಯಾರನ್ನು?”

“ಇನ್ನೊಂದು ಚೀಲಾನ.” ನಗುತ್ತ ಅವಳೇ ಮುಂದುವರಿಸಿದಳು. “ನಿಮ್ಮೂರ ಬಸ್ಸಿನ್ಯಾಗ ಚಿಲ್ಲರೆ ಇಲ್ಲ ಅಂತ ಕಂಡಕ್ಟರ್ ಇಟ್ಕೊಳ್ಳಂಗಿಲ್ಲೇನು?”

“ನಮ್ಮ ಕಂಡಕ್ಟರ್ ಟಿಕೆಟಿನ ಹಿಂದೆ ಬರೆದು ಕೊಡ್ತಾನೆ ಮಾರಾಯ್ತಿ. ಇಳಿಯುವಾಗ ಕೊಡ್ತಾನೆ.”

“ನೀವು ಕೇಳಿದ್ರ ಕೊಡ್ತಾನ.”

ಅದು ನಿಜವೇ.

ಒಂದು ದಿನ ಕಂಪನಿಯಿಂದ ಆರ್ಡರ್ ಬಂತು. ಇನ್ನು ಚಿಪ್ಪು ಇಲ್ಲ, ಮುತ್ತು. ಹತ್ತು ಚಿಪ್ಪಿಗೆ ಒಂದು ಮುತ್ತು. ಹದಿನೈದು ದಿನದೊಳಗೆ, ಅಂದರೆ ಬರುವ ಹುಣ್ಣಿಮೆಯೊಳಗೆ, ಆಟಗಾರರು ತಾವೇ ಹೋಗಿ ಬದಲಾಯಿಸಿಕೊಳ್ಳಬೇಕು, ಬದಲಾಯಿಸದೆ ಉಳಿದದ್ದು ರದ್ದು. ಇದನ್ನು ಎಲ್ಲರಿಗೂ ತಿಳಿಸುವ ಪತ್ರ ಸಿಹಿಸುದ್ದಿಯಂತೆ ಇರಬೇಕು. ಬರೆಯಲು ನನ್ನನ್ನು ಆರಿಸಿದರು. ಸುಳ್ಳು ಯಾಕೆ, ಹೆಮ್ಮೆಯಾಯಿತು.

ಎರಡು ದಿನ ಕೂತು ಬರೆದೆ. ಮೊದಲ ಪ್ಯಾರಾದಲ್ಲಿ ಕುಶಲೋಪರಿ. ಎರಡನೆಯದರಲ್ಲಿ ಮುತ್ತುಗಳ ವರ್ಣನೆ, ಮೂರನೆಯದರಲ್ಲಿ ಹೊಸ ಸಾಮಾನುಗಳು. ರದ್ದಾಗುವ ಮಾತು ನಾಲ್ಕನೆಯದಕ್ಕೆ. ಐದನೆಯದರಲ್ಲಿ ಮತ್ತೆ ಪ್ರೀತಿ. ಆ ನಾಲ್ಕನೇ ಪ್ಯಾರಾದಲ್ಲಿ ಇದ್ದದ್ದು ಒಂದೇ ವಾಕ್ಯ. ಇಂಗ್ಲಿಷಿನಲ್ಲಿ ಬರೆದದ್ದು ಕನ್ನಡದಲ್ಲಿ ಹೀಗಾಗುತ್ತದೆ: ಹುಣ್ಣಿಮೆಯೊಳಗೆ ಮುತ್ತಾಗದ ಚಿಪ್ಪುಗಳು, ತಾವು ಬಂದ ಸಮುದ್ರಕ್ಕೆ ಮೆಲ್ಲನೆ ಮರಳಿ ಹೋಗುವವು.

ಲೀಡ್ ಓದಿ, “ಏನ್ ಬರೀತೀರಿ ಆಂಟಿ” ಎಂದು ನನ್ನ ಕೈ ಹಿಡಿದುಕೊಂಡಳು. ಕಂಪನಿಯವರು ಒಂದಕ್ಷರವನ್ನೂ ತಿದ್ದಲಿಲ್ಲ. ಲವ್ಲಿ ಎಂದು ಬರೆದಿದ್ದರು.

ಹುಣ್ಣಿಮೆ ಕಳೆದ ಮೇಲೆ ಪತ್ರಗಳು ಬರತೊಡಗಿದವು. ಬಹಳಷ್ಟು ಸಿಟ್ಟಿನವು, ಅವಕ್ಕೆ ನಮ್ಮಲ್ಲಿ ಮೊದಲೇ ಬರೆದಿಟ್ಟ ಹದಿನೇಳನೇ ನಂಬರಿನ ಟೆಂಪ್ಲೇಟ್ ಇತ್ತು. ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ, ಆದರೆ ಈ ಬಗ್ಗೆ ಮುಂಚಿತವಾಗಿಯೇ ತಿಳಿಸಲಾಗಿತ್ತು. ನನ್ನ ಪಾಲಿಗೆ ಬಂದ ಒಂದರಲ್ಲಿ ಮಾತ್ರ ಸಿಟ್ಟಿರಲಿಲ್ಲ. ಚಳಿಯ ದೇಶದ ಒಬ್ಬ ಹೆಂಗಸು. ಅವಳ ಅಣ್ಣ ಹಡಗಿನಲ್ಲಿ ಕೆಲಸ ಮಾಡುವವನು, ವರ್ಷದಲ್ಲಿ ಒಮ್ಮೆಯೂ ಊರಿಗೆ ಬರಲಾಗದವನು. ಯಾವ ಬಂದರಿನಲ್ಲಿ ಇಂಟರ್ನೆಟ್ ಸಿಕ್ಕಿದರೂ ಭಾನುವಾರ ಅವರಿಬ್ಬರೂ ದ್ವೀಪದಲ್ಲಿ ಸಿಗುತ್ತಿದ್ದರಂತೆ. ಇಬ್ಬರೂ ಕೂರುವ ಒಂದು ದೋಣಿ ಅಂಗಡಿಯಲ್ಲಿತ್ತು, ಒಂಬೈನೂರು ಚಿಪ್ಪಿನದ್ದು. ಅಷ್ಟನ್ನು ಒಮ್ಮೆಲೇ ಕೊಡಲು ಆಗದೆ ಅವಳು ಪ್ರತಿ ಚೀಲದ ನಲವತ್ತು, ಎಂಬತ್ತನ್ನು ಖರ್ಚು ಮಾಡದೆ ಹಾಗೇ ಇಟ್ಟುಕೊಂಡು ಬಂದಿದ್ದಳು. ಎಂಟುನೂರ ಎಂಬತ್ತಾಗಿತ್ತು. ಈಗ ಸ್ಕ್ರೀನಿನ ಮೂಲೆಯಲ್ಲಿ ಸೊನ್ನೆ ಕಾಣುತ್ತಿದೆ, ನಾನು ಏನು ತಪ್ಪು ಮಾಡಿದೆ ಎಂದು ಕೇಳಿದ್ದಳು.

ಕರೆಯದೆ ಸುಮ್ಮನೆ ಕುಳಿತ ಚಿಪ್ಪುಗಳು ಅವಳ ಹತ್ತಿರ ಮಾತ್ರ ಇದ್ದವೋ ಏನೋ. ಹದಿನೇಳನೇ ನಂಬರನ್ನು ತೆರೆದು, ಹಾಗೆಯೇ ಮುಚ್ಚಿದೆ. ಲೀಡಿನ ಬಳಿ ಹೋದೆ.

“ಇವಳಿಗೊಬ್ಬಳಿಗೆ ಚಿಪ್ಪು ವಾಪಸ್ ಕೊಡ್ಲಿಕ್ಕೆ ಬರೆದು ಕೇಳುವ, ಆಗದಾ?”

“ಒಬ್ರಿಗೆ ಕೊಟ್ರ ಎಲ್ಲಾರಿಗೂ ಕೊಡಬೇಕಾಗ್ತದ ಅಂತಾರ, ನೋಡ್ರಿ ಬೇಕಾದ್ರ.” ಆದರೂ ಅವಳೇ ಬರೆದು ಕೇಳಿದಳು. ಎರಡು ದಿನದ ಮೇಲೆ ಬಂದ ಉತ್ತರದಲ್ಲಿ ಅದೇ ಮಾತಿತ್ತು. ಜೊತೆಗೆ, ಸೌಹಾರ್ದಕ್ಕಾಗಿ ಹತ್ತು ಮುತ್ತು ಉಚಿತ. ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗದ ಹೂಕುಂಡಕ್ಕೆ ಹದಿನೈದು ಮುತ್ತು.

ಆ ದಿನ ಊಟಕ್ಕೆ ಏಳದೆ ಉತ್ತರ ಬರೆದೆ. ಐದು ಸಾಲು. ನಿಮ್ಮ ಚಿಪ್ಪುಗಳು ಮರಳಿ ಬರುವುದಿಲ್ಲ. ಅದನ್ನು ಹೇಳಿದ್ದು ನಾಲ್ಕನೇ ಪ್ಯಾರಾದಲ್ಲಿ. ಓದಿದವರಿಗೆ ಗೊತ್ತಾಗದ ಹಾಗೆ ಬರೆದವಳು ನಾನು. ನೀವು ತಪ್ಪು ಮಾಡಲಿಲ್ಲ. ಹತ್ತು ಮುತ್ತಿಗೆ ಏನೂ ಸಿಗುವುದಿಲ್ಲ.

ಲೀಡ್ ನನ್ನ ಹಿಂದೆ ನಿಂತು ಓದಿದಳು. “ಆಂಟಿ, ‘ನಾನು’ ಅಂತ ಬರಿಯಂಗಿಲ್ರೀ. ಅಂಚೆಯಮ್ಮ ಅಂತ ಇರಬೇಕು.”

“ಅಂಚೆಯಮ್ಮ ತಪ್ಪು ಮಾಡುವವಳಲ್ಲ ಅಲ್ವಾ?”

“ಮಾಡ್ಲಿ ಬಿಡ್ರಿ, ಆಕಿನೂ ಮನಷ್ಯಾಳ ಅಲ್ಲೇನು. ತಪ್ಪು ಅಂಚೆಯಮ್ಮಂದು ಅಂತ ಬರೀರಿ, ನಾ ತಡಿಯಂಗಿಲ್ಲ.” ತನ್ನ ಕುರ್ಚಿಗೆ ಮರಳುತ್ತ, “ಯಾರರ ಕೇಳಿದ್ರ ನಾ ಓದೇ ಕಳಿಸೀನಿ ಅಂತೀನಿ” ಎಂದಳು. ಊರಿಗೆ ದುಡ್ಡು ಕಳಿಸಬೇಕಾದ ಹುಡುಗಿ. ಹಾಗೆಯೇ ಬರೆದೆ.

ಉತ್ತರ ಬಂತು. ಅವಳು ನನ್ನ ಹಳೆಯ ಪತ್ರವನ್ನು ಇನ್ನೊಮ್ಮೆ ತೆಗೆದು ಓದಿದ್ದಳಂತೆ. ಅದು ಬಂದ ವಾರವೇ ಅಣ್ಣನಿಗೆ ಫೋನಿನಲ್ಲಿ ಗಟ್ಟಿಯಾಗಿ ಓದಿ ಹೇಳಿದ್ದಳಂತೆ, ಅಷ್ಟು ಇಷ್ಟವಾಗಿತ್ತು. ಚಿಪ್ಪುಗಳು ಸಮುದ್ರಕ್ಕೆ ಮರಳಿ ಹೋಗುತ್ತವೆ ಎಂದರೆ ದ್ವೀಪದಲ್ಲಿ ಹುಣ್ಣಿಮೆಗೆ ಏನೋ ನೋಡುವಂಥದ್ದು ನಡೆಯಲಿದೆ ಎಂದು ಇಬ್ಬರೂ ತಿಳಿದಿದ್ದರು. ಅಣ್ಣ ಡ್ಯೂಟಿ ಬದಲಾಯಿಸಿಕೊಂಡು ಇಂಟರ್ನೆಟ್ಟಿಗೆ ಬಂದ. ಇಬ್ಬರೂ ದ್ವೀಪದ ದಡದಲ್ಲಿ ಕೂತು ಕಾದರು, ಚಿಪ್ಪುಗಳು ಮರಳಿನ ಮೇಲೆ ಸಾಲಾಗಿ ನಡೆದು ಹೋಗುವುದನ್ನು ನೋಡಲು. ಏನೂ ಆಗಲಿಲ್ಲ. ಮೂಲೆಯ ಅಂಕಿ ಮಾತ್ರ ಸೊನ್ನೆಯಾಯಿತು.

ಕೊನೆಯಲ್ಲಿ ಥ್ಯಾಂಕ್ಸ್ ಹೇಳಿದ್ದಳು. ಸೀಟು ಸಿಗದವರ ತಂದೆತಾಯಿ ಹೇಳುತ್ತಿದ್ದ ಹಾಗೆ.

ಮುಂದಿನ ತಿಂಗಳು ಪರದೆಗಳ ಬೆಲೆ ಏರಿತು, ಅದನ್ನು ತಿಳಿಸುವ ಪತ್ರವೂ ನನ್ನ ಮೇಜಿಗೇ ಬಂತು. ಮೊದಲ ಸಾಲಿನಲ್ಲೇ ಹಳೆಯ ಬೆಲೆ, ಹೊಸ ಬೆಲೆ, ತಾರೀಕು ಬರೆದೆ.

“ಇದು ಪತ್ರ ಅಲ್ರೀ ಆಂಟಿ, ಬಸ್ಸಿನ ಬೋರ್ಡು” ಎಂದಳು ಲೀಡ್.

“ಬೋರ್ಡೇ ಇರಲಿ.”

ಕಂಪನಿಯವರು ಅದನ್ನು ವಾಪಸ್ ಕಳಿಸಿದರು. ಮೊದಲಿನ ಆ ಮಾಧುರ್ಯ ಎಲ್ಲಿ ಎಂದು ಕೇಳಿದ್ದರು. ನಾನು ಅದನ್ನೇ ಮತ್ತೆ ಕಳಿಸಿದೆ, ಅದು ಮತ್ತೆ ಬಂತು. ಮೂರನೆಯ ಸಲ ಬೇರೆ ಯಾರೋ ಬರೆದರು. ಆ ತಿಂಗಳ ಕೊನೆಗೆ ನಾನು ಕೆಲಸ ಬಿಟ್ಟೆ.

ಕೊನೆಯ ಭಾನುವಾರದ ಶಿಫ್ಟಿನಲ್ಲಿ ಮಾತ್ರ ಒಂದು ಕೆಲಸ ಮಾಡಿದೆ. ನಮ್ಮ ಕಂಪ್ಯೂಟರುಗಳಿಂದ ದ್ವೀಪದ ಯಾವ ಮೂಲೆಯನ್ನಾದರೂ, ಯಾರಿಗೂ ಕಾಣಿಸದೆ ನೋಡಬಹುದಿತ್ತು. ಅವಳ ಮನೆಯ ಮುಂದಿನ ದಡಕ್ಕೆ ಹೋದೆ. ಹುಲ್ಲಿನ ಟೋಪಿ ಹಾಕಿದ ಇಬ್ಬರು ನೀರಿಗೆ ಮುಖ ಮಾಡಿ ಮರಳಿನ ಮೇಲೆ ಕೂತಿದ್ದರು. ಏನೋ ಮಾತಾಡುತ್ತಿದ್ದರು. ಅದನ್ನು ಓದಲಿಲ್ಲ, ಓದುವುದು ಸರಿಯಲ್ಲ ಎನಿಸಿತು. ಅವರ ಎದುರಿನ ನೀಲಿಯಲ್ಲಿ ಬೇರೆ ಯಾರದೋ ದೋಣಿಯೊಂದು ಹಾದುಹೋಯಿತು. ಅದು ಮರೆಯಾಗುವವರೆಗೂ ಇಬ್ಬರೂ ಅದಕ್ಕೆ ಕೈ ಬೀಸುತ್ತಿದ್ದರು.