ಕೆಂಪು ಪಟ್ಟಿಯ ಗ್ಲಾಸು

ಕ್ರಾಂತಿಕುಮಾರನಿಗೆ ಆ ಹೆಸರಿಟ್ಟವನು ಅವನ ಅಪ್ಪ ರಾಜರತ್ನ. ಜಹೀರಾಬಾದಿನ ಹತ್ತಿರ, ಕರ್ನಾಟಕದ ಗಡಿಗೆ ಹತ್ತಿದ ಮೊಗುಡಂಪಲ್ಲಿ ಕಡೆಯ ಒಂದು ಹಳ್ಳಿಯಲ್ಲಿ ಅವರಿಗೆ ಎರಡು ಎಕರೆ ಹೊಲವಿತ್ತು. ಅದರಲ್ಲಿ ಕೆಲಸವಿಲ್ಲದ ದಿನ ಕೂಲಿ. ಹೆಸರಿಗೆ ತಕ್ಕಂತೆ ಬದುಕುವ ಹುಕಿ ಮಗನಿಗೆ ಇರಲಿಲ್ಲ. ಅವನಿಗೆ ಬೇಕಾದದ್ದು ಒಂದು ನೌಕರಿ. ಅದರಲ್ಲಿ ತಪ್ಪೇನೂ ಇಲ್ಲ.

ಹೈದರಾಬಾದಿನ ಕಾಲೇಜಿನಲ್ಲಿ ಎಂಬಿಎ ಮೊದಲ ವರ್ಷ ಮುಗಿಸಿದ ಅವನಿಗೆ, 2011ರ ಬೇಸಿಗೆಯಲ್ಲಿ, ದೇಶಕ್ಕೆಲ್ಲ ಚಹಾಪುಡಿ ಮಾರುವ ಒಂದು ದೊಡ್ಡ ಕಂಪನಿಯಲ್ಲಿ ಎರಡು ತಿಂಗಳ ಇಂಟರ್ನ್‌ಶಿಪ್ ಸಿಕ್ಕಿತು. ಕಾಲೇಜಿನಿಂದ ಕಂಪನಿ ಆರಿಸಿದ್ದು ಮೂವರನ್ನು. ಕೆಲಸ ಮೆಚ್ಚಿದರೆ ಅವರಲ್ಲಿ ಒಬ್ಬನಿಗೆ ನೌಕರಿ ಎಂದು ಮೊದಲೇ ಹೇಳಿದ್ದರು. ಉಳಿದಿಬ್ಬರಿಗೆ ಹೈದರಾಬಾದಿನ ತಣ್ಣನೆಯ ಮಳಿಗೆಗಳು ದೊರೆತವು. ಇವನ ಪಾಲಿಗೆ ಬಂದದ್ದು ಜಹೀರಾಬಾದಿನಿಂದ ನಾರಾಯಣಖೇಡದವರೆಗಿನ ಹಳ್ಳಿ ಹೋಟೆಲುಗಳು. ಅಲ್ಲಿಯವರು ಬಿಡಿ ಪುಡಿ ಬಿಟ್ಟು ಕಂಪನಿಯ ಪುಡಿ ಕೊಳ್ಳುವ ಹಾಗೆ ಏನಾದರೊಂದು ಉಪಾಯ ಹೇಳಬೇಕಿತ್ತು.

ಉಪಾಯ ಅವನಿಗೆ ಹೊಳೆಯಿತು. ಆ ವರ್ಷ ತೆಲಂಗಾಣ ಚಳವಳಿ ಜೋರಾಗಿತ್ತು. ವಾರಕ್ಕೊಂದು ಬಂದ್. ಬಸ್ಸು ನಿಂತರೆ ಊರವರೆಲ್ಲ ಹೋಟೆಲಿನ ಮುಂದೆ ಸೇರುತ್ತಿದ್ದರು, ಚಹಾದ ಗ್ಲಾಸು ಸಾಲುತ್ತಿರಲಿಲ್ಲ. ಐದು ಕಿಲೋ ಪುಡಿ ಕೊಂಡ ಹೋಟೆಲಿಗೆ ಕಂಪನಿಯ ಗುರುತಿರುವ ಗ್ಲಾಸುಗಳನ್ನು ಪುಕ್ಕಟೆ ಕೊಡೋಣ, ಮೂರು ಡಜನ್ ಕೊಟ್ಟರೆ ಹಳೆಯವನ್ನು ಅವರೇ ಎಸೆಯುತ್ತಾರೆ ಎಂದು ಅವನು ಬರೆದು ಕಳಿಸಿದ. ಏರಿಯಾ ಮ್ಯಾನೇಜರ್ ಒಪ್ಪಿದ. ಮೂರನ್ನು ಮಾತ್ರ ಒಂದು ಮಾಡಿದ. ಹೋಟೆಲಿಗೆ ಒಂದೇ ಡಜನ್, ಅಂಚಿಗೆ ಅಗಲವಾದ ಕೆಂಪು ಪಟ್ಟಿ.

ಕ್ರಾಂತಿಕುಮಾರ ಗ್ಲಾಸಿನ ಪೆಟ್ಟಿಗೆ ಹೊತ್ತು ಅರವತ್ತೆಂಟು ಊರು ತಿರುಗಿದ. ಬಸ್ಸಿಲ್ಲದ ದಿನ ಟ್ರ್ಯಾಕ್ಟರು, ಅದೂ ಇಲ್ಲದ ದಿನ ನಡಿಗೆ. ಮೇ ತಿಂಗಳು ಮುಗಿಯುವುದರೊಳಗೆ ಪುಡಿಯ ಮಾರಾಟ ದುಪ್ಪಟ್ಟಾಯಿತು. ಗ್ಲಾಸು ಸಿಗದ ಊರಿನ ಹೋಟೆಲಿನವರೂ ಫೋನು ಮಾಡಿ ಕೇಳತೊಡಗಿದರು. ಯಾಕೆ ಇಷ್ಟು ಕೇಳುತ್ತಾರೆ ಎಂದು ಅವನು ಯಾರನ್ನೂ ವಿಚಾರಿಸಲಿಲ್ಲ. ಗೆಲ್ಲುತ್ತಿರುವವರು ಸಾಮಾನ್ಯವಾಗಿ ವಿಚಾರಿಸುವುದಿಲ್ಲ.

ಜೂನಿನಲ್ಲಿ ಅವನ ಊರಿನವರು ರಸ್ತೆ ತಡೆದು ರಸ್ತೆಯಲ್ಲೇ ಒಲೆ ಹೂಡಿ ಅಡುಗೆ ಮಾಡಿದರು. ಎಲ್ಲ ಜಾತಿಯವರೂ ಒಂದೇ ಸಾಲಿನಲ್ಲಿ ಕೂತು ಉಂಡರು. ಜೈ ತೆಲಂಗಾಣ ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವನು ರಾಜರತ್ನ. ಮಗ ತನ್ನ ವರದಿಗೆಂದು ಫೋಟೋ ತೆಗೆಯುತ್ತಿದ್ದ. ಊಟದ ಮೇಲೆ, ವಾರದ ಹಿಂದಷ್ಟೇ ಗ್ಲಾಸು ಪಡೆದಿದ್ದ ಊರ ಹೋಟೆಲಿನ ಕಲ್ಯಾಣಪ್ಪ ಎರಡು ತಾಟಿನಲ್ಲಿ ಚಹಾ ತಂದ. ಒಂದು ತಾಟಿನಲ್ಲಿ ಬರಿಯ ಗ್ಲಾಸು, ಇನ್ನೊಂದರಲ್ಲಿ ಕೆಂಪು ಪಟ್ಟಿಯವು. ಮುಖ ನೋಡಿ ನೋಡಿ ಕೊಟ್ಟ. ರಾಜರತ್ನನ ಓಣಿಯವರಿಗೆಲ್ಲ ಕೆಂಪು ಪಟ್ಟಿ ಬಂತು, ಬೇರೆ ಯಾರಿಗೂ ಬರಲಿಲ್ಲ.

ಪಕ್ಕದಲ್ಲಿದ್ದ ಮೊಗಲಪ್ಪ ಗ್ಲಾಸು ತಿರುಗಿಸಿ ನೋಡಿ ನಕ್ಕ. ಅವನೂ ಅದೇ ಓಣಿಯವನು. "ರಾಜರತ್ನಾ, ನಿನ್ನ ಮಗ ಭಾರಿ ಶಾಣ್ಯಾ ಆಗ್ಯಾನ ನೋಡು. ನಮಗಂತೇ ಖಾಸ್ ಗ್ಲಾಸ್ ತರಿಸ್ಯಾನ!"

ಹದಿನೆಂಟು ವರ್ಷಗಳ ಹಿಂದೆ ಇದೇ ಹೋಟೆಲಿನ ಹೊರಗೋಡೆಯ ಗೂಡಿನಲ್ಲಿ ಅವರ ಓಣಿಯವರಿಗೆ ಬೇರೆ ಕಪ್ಪುಗಳಿದ್ದವು, ಕುಡಿದವರೇ ತೊಳೆದಿಡಬೇಕಿತ್ತು. ಅವನ್ನು ತೆಗೆಸಲು ರಾಜರತ್ನ ಒಂದು ತಿಂಗಳು ಓಣಿಯವರನ್ನು ಕೂಲಿಗೆ ಹೋಗದಂತೆ ತಡೆದಿದ್ದ. ಹೊಡೆತ ತಿಂದು ಎಡಗೈ ಮುರಿಸಿಕೊಂಡಿದ್ದ. ಆ ಕೈ ಮತ್ತೆ ನೆಟ್ಟಗಾಗಲಿಲ್ಲ. ಕೊನೆಗೆ ಅಧಿಕಾರಿಗಳು ಬಂದು ಎಲ್ಲರಿಗೂ ಒಂದೇ ನಮೂನೆಯ ಗ್ಲಾಸು ಮಾಡಿಸಿದರು. ಎಲ್ಲವೂ ಒಂದೇ ಬಕೀಟಿನಲ್ಲಿ ಮುಳುಗೇಳುತ್ತಿದ್ದವು, ಯಾರ ಬಾಯಿ ತಾಗಿದ್ದು ಯಾವುದು ಎಂದು ಹೇಳಲು ಬರುತ್ತಿರಲಿಲ್ಲ.

ರಾಜರತ್ನ ಚಹಾ ಮುಟ್ಟಲಿಲ್ಲ. ಮಗನನ್ನು ಕರೆದ. "ಎಷ್ಟ್ ಊರಿಗಿ ಕೊಟ್ಟಿದಿ?"

"ಅರವತ್ತೆಂಟು."

"ಎಲ್ಲಾ ವಾಪಸ್ ತಗೊಂಡ್ ಬಾ."

ಕ್ರಾಂತಿಕುಮಾರ ಮೊದಲು ಕಲ್ಯಾಣಪ್ಪನ ಬಳಿ ಹೋದ.

"ನಾ ಏನ್ ಮಾಡ್ಲಿ ತಮ್ಮಾ?" ಎಂದ ಕಲ್ಯಾಣಪ್ಪ, ಒಲೆ ಕೆದಕುತ್ತ. "ಮೊದಲ ಎಲ್ಲಾ ಒಂದೇ ನಮೂನಿ ಇದ್ದವು, ಯಾರೂ ಬಾಯಿ ತೆಗೀತಿದ್ದಿಲ್ಲ. ಈಗ ಗುರ್ತ್ ಹಾಕಿ ಕೊಟ್ಟಾಂವ ನೀನೇ. ಗಿರಾಕಿ ಬ್ಯಾರೆ ಇಡು ಅಂದ್ರು, ಇಟ್ಟೀನಿ."

"ಇನ್ನೆರಡು ಡಜನ್ ತರ್ತೀನ್ರಿ ಕಾಕಾ. ಹಳೇವು ತೆಗೆದು ಒಗೀರಿ. ಎಲ್ಲರಿಗೂ ಇವೇ ಆಗ್ಲಿ."

"ತಾ. ನಿಮ್ಮ ಓಣ್ಯಾಗ ಮಂದೀನೂ ಬಾಳ ಅದ, ಆಗ್ತಾವ."

ನಾಲ್ಕು ದಿನ ತಿರುಗಿ ಇಪ್ಪತ್ತು ಊರು ನೋಡಿದ. ಹದಿನಾಲ್ಕರಲ್ಲಿ ಇದೇ ಕಥೆ. ಕಂಪನಿಗೆ ಕೊಡಬೇಕಾದ ವರದಿಯ ಹನ್ನೊಂದನೇ ಪುಟದಲ್ಲಿ ಅದನ್ನೆಲ್ಲ ಬರೆದ. ಒಂದು ಡಜನ್ ಕೊಟ್ಟದ್ದರಿಂದ ಹೀಗಾಯಿತು, ಕೊಟ್ಟವನ್ನು ಹಿಂದಕ್ಕೆ ತರಿಸಬೇಕು ಎಂದೂ ಬರೆದ. ಬರೆಯುವಷ್ಟು ಮರ್ಯಾದೆ ಅವನಲ್ಲಿ ಉಳಿದಿತ್ತು.

ಹೈದರಾಬಾದಿನ ಆಫೀಸಿನಲ್ಲಿ ಮ್ಯಾನೇಜರ್ ಆ ಪುಟ ಎರಡು ಸಲ ಓದಿದ. ಕೆಟ್ಟ ಮನುಷ್ಯನೇನಲ್ಲ. ಕ್ರಾಂತಿಕುಮಾರನಿಗೆ ನೀರು ತರಿಸಿಕೊಟ್ಟು ಕೇಳಿದ: "ಎರಡೂ ಗ್ಲಾಸಿನಲ್ಲಿ ಕುಡಿಯುವುದು ನಮ್ಮ ಚಹಾ ತಾನೆ?"

"ಹೌದು ಸರ್."

"ಹಾಗಾದರೆ ಇದು ಸರಕಾರದ ಕೆಲಸ, ನಮ್ಮದಲ್ಲ. ನಿನ್ನ ಸ್ಕೀಮು ತಾಂಡೂರಿಗೂ ಹೋಗುತ್ತದೆ. ಓದು ಮುಗಿದ ಮೇಲೆ ಅದನ್ನು ನೋಡಿಕೊಳ್ಳುವವನು ನೀನೇ. ನೌಕರಿಯ ಪತ್ರ ತಯಾರಿದೆ. ಈ ಒಂದು ಪುಟ ತೆಗೆದು ಸಂಜೆಯೊಳಗೆ ಕಳಿಸು."

ಅವನು ಸಂಜೆಯವರೆಗೆ ಕಾಯಲಿಲ್ಲ. ಅಲ್ಲೇ ಕಂಪ್ಯೂಟರಿನ ಮುಂದೆ ಕೂತು ಪುಟ ತೆಗೆದ. ಹನ್ನೆರಡನೆಯದು ಹನ್ನೊಂದಾಯಿತು.

ಮನೆಯಲ್ಲಿ ಅವ್ವ ಈಶಮ್ಮ ಪತ್ರವನ್ನು ಕಣ್ಣಿಗೊತ್ತಿಕೊಂಡಳು. ರಾಜರತ್ನ ಕೇಳಿದ್ದು ಒಂದೇ: "ಗ್ಲಾಸ್ ವಾಪಸ್ ಬರ್ತಾವೇನು?"

"ಇಲ್ಲಪ್ಪಾ. ತಾಂಡೂರ್ ಕಡೀಗೂ ಕೊಡ್ತಾರಂತ."

"ಯಾರ್ ಕೊಡಾವ್ರು?"

ಮಗ ಅವ್ವನ ಕೈಯಿಂದ ಪತ್ರ ತಗೊಂಡು ಮಡಿಸಿ ಜೇಬಿಗಿಟ್ಟ. ಅಪ್ಪ ಬೈಯಲಿಲ್ಲ. ಬೈದಿದ್ದರೆ ಈಶಮ್ಮನಿಗೆ ಸಮಾಧಾನವಾಗುತ್ತಿತ್ತು.

ಮರುದಿನದಿಂದ ರಾಜರತ್ನ ಬೆಳಿಗ್ಗೆ ಕಲ್ಯಾಣಪ್ಪನ ಹೋಟೆಲಿಗೆ ಹೋಗತೊಡಗಿದ. ಒಳಗಿನ ಬೆಂಚಿನ ಮೇಲೆ ಕೂತು ಬರಿಯ ಗ್ಲಾಸಿನಲ್ಲಿ ಚಹಾ ಕೇಳುತ್ತಿದ್ದ. ಕಲ್ಯಾಣಪ್ಪ ಕೆಂಪು ಪಟ್ಟಿಯದರಲ್ಲಿ ಕೊಡುತ್ತಿದ್ದ. ರಾಜರತ್ನ ಅದನ್ನು ಬಾಗಿಲಲ್ಲಿ ಚೆಲ್ಲಿ, ದುಡ್ಡು ಇಟ್ಟು, ಮತ್ತೆ ಕೇಳುತ್ತಿದ್ದ. ಈ ಸಲ ಅವನ ಜೊತೆ ಓಣಿಯವರು ಯಾರೂ ಹೋಗಲಿಲ್ಲ. "ಅವನ ಮಗಂದೇ ಗ್ಲಾಸು, ಅವರವರೇ ನೋಡ್ಕೊಳ್ಳಲಿ" ಎಂದ ಮೊಗಲಪ್ಪ.

ಐದನೇ ದಿನ ಕ್ರಾಂತಿಕುಮಾರ ಕಾಲೇಜಿಗೆ ಹೊರಟ. ಅವನು ಹತ್ತಿದ ಬಸ್ಸು ಹೋಟೆಲಿನ ಮುಂದೆ ನಿಂತಿತು. ಹೋಟೆಲಿನೊಳಗೆ ಇಬ್ಬರು ಗಿರಾಕಿಗಳು ರಾಜರತ್ನನ ತೋಳು ಹಿಡಿದು ಬೆಂಚಿನಿಂದ ಎಬ್ಬಿಸುತ್ತಿದ್ದರು. ಅವನು ನೆಟ್ಟಗಾಗದ ಕೈಯಿಂದ ಬೆಂಚಿನ ಅಂಚು ಹಿಡಿದು ಕೂತಿದ್ದ. ಬಸ್ಸಿನವರೆಲ್ಲ ಆ ಕಡೆ ಬಾಗಿ ನೋಡಿದರು.

"ಯಾರಂವ ಆ ಮುದುಕ?" ಎಂದು ಕಂಡಕ್ಟರ್ ಕೇಳಿದ.

"ಗೊತ್ತಿಲ್ರಿ. ಜಹೀರಾಬಾದ್ ಒಂದು ಕೊಡ್ರಿ" ಎಂದ ಕ್ರಾಂತಿಕುಮಾರ.